ಉಸುಕಿನಲ್ಲಿ ಸಿಕ್ಕ ಸವೆದ ಹಲ್ಲು: ಯಾವ ಪ್ರಾಣಿಯದು, ಎಷ್ಟು ಹಳೆಯದು?

ಪ್ರಶ್ನೆ: ನಾವು ಗೋಕಾಕ ತಾಲ್ಲೂಕಿನವರು. ಮನೆ ಕಟ್ಟಿಸಲು ತರಿಸಿದ ಉಸುಕನ್ನು ಗೌಂಡಿಯವರು ಜರಡಿ ಹಿಡಿಯುವಾಗ ಕಪ್ಪುಗಂದು ಬಣ್ಣದ ಹಲ್ಲೊಂದು ಸಿಕ್ಕಿತು. ಜಗಿಯುವ ಭಾಗ 29 ಮಿ.ಮೀ. ಉದ್ದ, 24 ಮಿ.ಮೀ. ಅಗಲವಿದೆ, ಬೇರು ಬಿಟ್ಟು ಎತ್ತರ 23 ಮಿ.ಮೀ. ಬೇರುಗಳು ಮುರಿದಿವೆ. ಮೇಲ್ಭಾಗ ಸವೆದು ಚಪ್ಪಟೆಯಾಗಿದೆ, ಅದರಲ್ಲಿ ಅರ್ಧಚಂದ್ರದಂಥ ಎರಡು ಗುರುತುಗಳಿವೆ. ಕಲ್ಲಿನಷ್ಟು ಭಾರವಾಗಿದೆ. ಊರಿನ ಹಿರಿಯರು ರಾಕ್ಷಸನ ಹಲ್ಲು ಎನ್ನುತ್ತಾರೆ, ಶಾಲೆಯ ಮಕ್ಕಳು ಡೈನೋಸಾರ್ ಎನ್ನುತ್ತಾರೆ. ದಂತವೈದ್ಯರಾದ ಸ್ನೇಹಿತರೊಬ್ಬರು ಮನುಷ್ಯನ ದವಡೆ ಹಲ್ಲಿನ ಹೋಲಿಕೆ ಇದೆ ಎಂದಿದ್ದಾರೆ. ಕಾದ ಸೂಜಿ ಚುಚ್ಚಿ ಪರೀಕ್ಷಿಸಿ ಎಂದು ಒಬ್ಬರು, ನನಗೆ ಮಾರಿಬಿಡಿ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ನಮ್ಮ ತಾಯಿಯವರು ಮನೆಯಲ್ಲಿ ಇಡಬೇಡ, ಹೊಳೆಗೆ ಬಿಟ್ಟು ಬಾ ಎನ್ನುತ್ತಾರೆ. ಉಸುಕು ಯಾವ ಜಾಗದ್ದೆಂದು ನಮಗೆ ತಿಳಿಯದು. ಇದು ಯಾವ ಪ್ರಾಣಿಯ ಹಲ್ಲು? ಎಷ್ಟು ಹಳೆಯದು? ಇಟ್ಟುಕೊಂಡರೆ ಕಾನೂನಿನ ತೊಡಕು ಬರುತ್ತದೆಯೇ?

ಉತ್ತರ: ನೀವು ಕಳಿಸಿದ ಚಿತ್ರಗಳು ಸ್ಪಷ್ಟವಾಗಿವೆ, ಅಳತೆಯ ಪಟ್ಟಿಯನ್ನು ಪಕ್ಕದಲ್ಲಿಟ್ಟು ತೆಗೆದದ್ದರಿಂದ ಕೆಲಸ ಬಹಳ ಹಗುರವಾಯಿತು. ನಿಮ್ಮ ಮೊದಲ ಪ್ರಶ್ನೆಗೆ ಸಾಕಷ್ಟು ಖಚಿತವಾದ ಉತ್ತರ ಕೊಡಬಲ್ಲೆ: ಇದು ದನ, ಎಮ್ಮೆ, ಕಾಡುಕೋಣಗಳ ಬಳಗಕ್ಕೆ ಸೇರಿದ ದೊಡ್ಡ ಪ್ರಾಣಿಯೊಂದರ ಮೇಲ್ದವಡೆಯ ಅರೆಯುವ ಹಲ್ಲು, ಬದುಕಿನ ಬಹುಭಾಗವನ್ನು ಮುಗಿಸಿದ, ವಯಸ್ಸಾದ ಪ್ರಾಣಿಯದು. ಎರಡನೆಯ ಪ್ರಶ್ನೆಯಾದ ಹಳಮೆಯನ್ನು ಮಾತ್ರ ಚಿತ್ರ ನೋಡಿ ಯಾರೂ ಹೇಳಲಾರರು, ಹಲ್ಲನ್ನು ಕೈಯಲ್ಲಿ ಹಿಡಿದು ನೋಡಿದರೂ ಪೂರ್ತಿ ಹೇಳಲಾರರು. ಪ್ರಾಣಿಯ ಗುರುತು ಹಲ್ಲಿನೊಳಗೇ ಇರುತ್ತದೆ, ಕಾಲದ ಗುರುತಾದರೋ ಬಹುಪಾಲು ಅದು ಹೂತಿದ್ದ ಮಣ್ಣಿನಲ್ಲಿ ಉಳಿದುಬಿಟ್ಟಿರುತ್ತದೆ. ಹಲ್ಲು ಯಾವುದೆಂದು ಕೇಳುವವರು ಬಹಳ ಮಂದಿ, ಯಾವ ಮಣ್ಣಿನಿಂದ ಬಂತೆಂದು ಬರೆದಿಟ್ಟುಕೊಳ್ಳುವವರು ತೀರ ಕಡಿಮೆ. ಆದ್ದರಿಂದ ಈ ಉತ್ತರದಲ್ಲಿ ಮಣ್ಣಿನ ಮಾತು ಸ್ವಲ್ಪ ಹೆಚ್ಚೇ ಬರುತ್ತದೆ.

ಮೊದಲು ಊರಿನಲ್ಲಿ ಹಬ್ಬಿರುವ ಮಾತುಗಳನ್ನು ಬಿಡಿಸಿಕೊಳ್ಳೋಣ. ಡೈನೋಸಾರ್ ಆಗಿರಲು ಎರಡು ಕಾರಣಗಳಿಂದ ಸಾಧ್ಯವಿಲ್ಲ. ನಮ್ಮ ದೇಶದಲ್ಲಿ ಸಿಕ್ಕಿರುವ ಮಾಂಸಾಹಾರಿ ಡೈನೋಸಾರ್‌ಗಳ ಹಲ್ಲು ಅಂಚಿನಲ್ಲಿ ಗರಗಸದಂಥ ಕಚ್ಚುಗಳಿರುವ ಬಾಗಿದ ಅಲಗಾಗಿರುತ್ತದೆ, ಉದ್ದ ಕತ್ತಿನ ಸಸ್ಯಾಹಾರಿಗಳದು ಗೂಟದಂತೆ ಅಥವಾ ಚಮಚದಂತೆ ಸರಳವಾಗಿರುತ್ತದೆ; ಎನಾಮಲ್ ಮಡಿಕೆ ಮಡಿಕೆಯಾಗಿ ಒಳಕ್ಕೆ ಇಳಿದು, ಸವೆದ ಮೇಲೆ ಅರ್ಧಚಂದ್ರದ ಗೆರೆಗಳನ್ನು ಬಿಡುವ ರಚನೆ ಮೆಲುಕು ಹಾಕುವ ಸಸ್ತನಿಗಳದು. ಎರಡನೆಯದು ನಿಮ್ಮ ಭಾಗದ ನೆಲ. ಘಟಪ್ರಭೆ ಹುಟ್ಟುವುದು ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾ ಹಾಸಿನ ಮೇಲೆ, ಗೋಕಾಕದಲ್ಲಿ ಧುಮುಕುವುದು ಕಲಾದಗಿ ಶ್ರೇಣಿಯ ಗಟ್ಟಿ ಮರಳುಗಲ್ಲಿನ ಮೇಲಿಂದ. ಆ ಮರಳುಗಲ್ಲು ಹಲ್ಲು ದವಡೆಗಳಿದ್ದ ಯಾವುದೇ ಜೀವಿ ಭೂಮಿಯ ಮೇಲೆ ಬರುವುದಕ್ಕೂ ಬಹಳ ಮೊದಲಿನದು. ಭಾರತದ ಡೈನೋಸಾರ್ ಅವಶೇಷಗಳು ಬಂದಿರುವುದು ಗುಜರಾತಿನ ಬಾಲಾಸಿನೋರ್, ಮಧ್ಯಪ್ರದೇಶದ ಜಬಲ್ಪುರ, ಮಹಾರಾಷ್ಟ್ರದ ಪಿಸ್ದುರಾ, ಗೋದಾವರಿ ಕಣಿವೆಯ ಕೋಟಾ ಸ್ತರಗಳಂಥ ಜಾಗಗಳಿಂದ.

ರಾಕ್ಷಸನ ಹಲ್ಲು ಎಂಬ ಮಾತನ್ನು ನಾನು ನಕ್ಕು ತಳ್ಳಿಹಾಕುವವನಲ್ಲ. ಬಳ್ಳಾರಿ ಬಳಿಯ ಕುಪ್ಪಗಲ್ಲಿನ ಬೂದಿದಿಬ್ಬವನ್ನು ಅಲ್ಲಿನ ಜನ ಭೀಮ ಕೊಂದ ಹಿಡಿಂಬಾಸುರನ ಚಿತೆಯ ಬೂದಿ ಎಂದು ಹೇಳಿಕೊಂಡು ಬಂದಿದ್ದರು. ಆ ಕಥೆಯಿಂದಾಗಿಯೇ ದಿಬ್ಬದ ಮೇಲೆ ಜನರ ಕಣ್ಣಿತ್ತು, ಮುಂದೆ ಅದು ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟ ಬೂದಿಯೆಂದು ತಿಳಿಯಿತು. ಅಸಾಮಾನ್ಯವಾದ ವಸ್ತುವನ್ನು ಗುರುತಿಸಿ, ಅದಕ್ಕೊಂದು ಕಾರಣ ಕೊಡುವ ಹಳ್ಳಿಯ ಕಣ್ಣು ಚುರುಕಾದದ್ದೇ. ನಿಮ್ಮ ಕೈಯಲ್ಲಿರುವ ಹಲ್ಲಿಗೆ ಮಾತ್ರ ಅಷ್ಟು ದೊಡ್ಡ ಯಜಮಾನ ಬೇಕಿಲ್ಲ.

ದಂತವೈದ್ಯರ ಮಾತಿಗೆ ಇನ್ನೂ ಸ್ವಲ್ಪ ವಿವರವಾದ ಉತ್ತರ ಸಲ್ಲಬೇಕು. ಮನುಷ್ಯನ ದವಡೆ ಹಲ್ಲು ಸುಮಾರು ಒಂದು ಸೆಂಟಿಮೀಟರ್ ಉದ್ದವಿರುತ್ತದೆ, ಇದು ಅದರ ಮೂರರಷ್ಟಿದೆ. ಹಾಗಾಗಿ ಮನುಷ್ಯನ ಪ್ರಶ್ನೆ ಅಳತೆಯಲ್ಲೇ ಮುಗಿಯುತ್ತದೆ. ಆದರೆ ತುಂಬಾ ಸವೆದ ಹಲ್ಲು ಅನುಭವಿಗಳನ್ನೂ ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ನಮ್ಮ ಶಾಸ್ತ್ರದಲ್ಲಿ ಪ್ರಸಿದ್ಧವಾದ ಪ್ರಸಂಗವೊಂದಿದೆ. 1917ರಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಹೆರಾಲ್ಡ್ ಕುಕ್ ಎಂಬ ಜಾನುವಾರು ಸಾಕಣೆಗಾರ, ಭೂವಿಜ್ಞಾನಿಗೆ ಒಂಟಿ ಹಲ್ಲೊಂದು ಸಿಕ್ಕಿತು. 1922ರಲ್ಲಿ ಅದನ್ನು ನೋಡಿದ ನ್ಯೂಯಾರ್ಕಿನ ಹೆನ್ರಿ ಫೇರ್‌ಫೀಲ್ಡ್ ಆಸ್ಬರ್ನ್, ಆ ಕಾಲದ ಅತಿ ಹೆಸರಾಂತ ಪಳೆಯುಳಿಕೆ ತಜ್ಞರಲ್ಲೊಬ್ಬರು, ಅದು ಮಾನವಸದೃಶ ವಾನರದ್ದೆಂದು ತೀರ್ಮಾನಿಸಿ ಹೆಸ್ಪೆರೊಪಿಥೆಕಸ್ ಎಂದು ಹೆಸರಿಟ್ಟರು. ಮುಂದಿನ ವರ್ಷಗಳಲ್ಲಿ ಅದೇ ಜಾಗವನ್ನು ಮತ್ತೆ ಅಗೆದಾಗ ಇನ್ನಷ್ಟು ಹಲ್ಲುಗಳು ದೊರೆತವು. ಅವು ಹಂದಿಗೆ ದೂರದ ನೆಂಟನಾದ ಪೆಕರಿ ಬಳಗದ, ಅಳಿದುಹೋದ ಪ್ರಾಣಿಯೊಂದರದ್ದಾಗಿದ್ದವು. 1927ರಲ್ಲಿ ಆಸ್ಬರ್ನ್ ಅವರ ಸಹೋದ್ಯೋಗಿ ವಿಲಿಯಂ ಗ್ರೆಗರಿ ಹಳೆಯ ಗುರುತನ್ನು ಹಿಂತೆಗೆದುಕೊಂಡರು. ಉಬ್ಬುತಗ್ಗುಗಳೆಲ್ಲ ಅಳಿಸಿಹೋದ ಮೇಲೆ ಬೇರೆ ಬೇರೆ ಪ್ರಾಣಿಗಳ ಹಲ್ಲುಗಳು ಒಂದರಂತೆ ಒಂದು ಕಾಣತೊಡಗುತ್ತವೆ. ಆ ಪ್ರಸಂಗದಲ್ಲಿ ಸಂದೇಹ ಬಗೆಹರಿದದ್ದು ಹಲ್ಲು ಸಿಕ್ಕ ಜಾಗ ಗೊತ್ತಿದ್ದರಿಂದ ಎಂಬುದನ್ನು ಗಮನಿಸಿ.

ಇನ್ನು ಸವೆತದ ವಿಷಯ. ಇದನ್ನು ಓದುಗರು ಹಲ್ಲಿನ ದೋಷವೆಂದು ಭಾವಿಸುತ್ತಾರೆ, ನಮಗಾದರೆ ಅದೇ ಮುಖ್ಯ ಸಾಕ್ಷಿ. ಸವೆತ ಎರಡು ಬಗೆಯದು. ಒಂದು ಪ್ರಾಣಿ ಬದುಕಿದ್ದಾಗ ಹುಲ್ಲು, ಧೂಳು, ಮರಳಿನ ಕಣಗಳನ್ನು ಅರೆದು ಆದದ್ದು. ಇನ್ನೊಂದು ಸತ್ತ ಮೇಲೆ ಹೊಳೆಯ ನೀರಿನಲ್ಲಿ ಉರುಳಿ ಆದದ್ದು. ಹಲ್ಲಿನ ಹೊರಕವಚವಾದ ಎನಾಮಲ್‌ನಲ್ಲಿ ತೂಕದ ಲೆಕ್ಕದಲ್ಲಿ ಸುಮಾರು 96 ಭಾಗ ಖನಿಜವೇ ಇರುತ್ತದೆ, ಒಳಗಿನ ಡೆಂಟಿನ್‌ನಲ್ಲಿ ಸುಮಾರು 70 ಭಾಗ. ಆದ್ದರಿಂದ ಜಗಿಯುವಾಗ ಮೆದುವಾದ ಡೆಂಟಿನ್ ಬೇಗ ತಗ್ಗುತ್ತದೆ, ಎನಾಮಲ್ ಗೆರೆಗಳು ಚೂಪಾಗಿ ಎದ್ದು ನಿಲ್ಲುತ್ತವೆ; ಬೀಸುವ ಕಲ್ಲಿಗೆ ಮುಳ್ಳು ಹಾಕಿದಂತೆ ಅದೇ ಹುಲ್ಲು ಅರೆಯುವ ಉಪಕರಣವಾಗುತ್ತದೆ. ನೀರಿನ ಸವೆತ ಹೀಗಲ್ಲ. ನಿಮ್ಮ ಹೊಳೆಯ ಉಸುಕಿನಲ್ಲಿ ಕಲಾದಗಿ ಮರಳುಗಲ್ಲಿನಿಂದ ಬಂದ ಸ್ಫಟಿಕದ ಕಣಗಳಿವೆ. ಗಡಸುತನದ ಮೋಸ್ ಮಾಪಕದಲ್ಲಿ ಸ್ಫಟಿಕ 7, ಹಲ್ಲಿನ ಎನಾಮಲ್ ಸುಮಾರು 5. ಹೀಗಾಗಿ ಹೊಳೆಯಲ್ಲಿ ಉರುಳಿದ ಹಲ್ಲಿನ ಎಲ್ಲ ಅಂಚುಗಳೂ, ಮುರಿದ ಬೇರಿನ ತುದಿಯೂ ಸೇರಿ, ಒಂದೇ ಸಮನೆ ನುಣುಪಾಗುತ್ತವೆ.

ನಿಮ್ಮ ಎರಡನೆಯ ಚಿತ್ರದಲ್ಲಿ, ಓರೆ ಬೆಳಕು ಬಿದ್ದಿರುವ ಕಡೆ, ಎನಾಮಲ್ ಗೆರೆಗಳು ಇನ್ನೂ ಸ್ವಲ್ಪ ಎದ್ದೇ ನಿಂತಿರುವುದು ಕಾಣುತ್ತದೆ. ಬೆರಳಿನ ಉಗುರನ್ನು ಮೇಲ್ಭಾಗದ ಮೇಲೆ ಅಡ್ಡಲಾಗಿ ಮೆಲ್ಲನೆ ಎಳೆದರೆ ಅದು ತಡೆತಡೆದು ಸಾಗಬೇಕು. ಆದರೆ ಅದೇ ಗೆರೆಗಳ ನೆತ್ತಿ ಗುಂಡಗಾಗಿದೆ, ಮುರಿದ ಬೇರಿನ ಒಂದು ಅಂಚು ನುಣುಪಾಗಿದೆ, ಇನ್ನೊಂದು ಬೇರಿನ ಮುರಿತ ಮಾತ್ರ ಒರಟಾಗಿ, ಬಣ್ಣದಲ್ಲಿ ತಿಳಿಯಾಗಿ ಇದೆ. ಎಂದರೆ ಪ್ರಾಣಿ ಬದುಕಿದ್ದಾಗಲೇ ಹಲ್ಲು ಬಹುಪಾಲು ಸವೆದಿತ್ತು; ಆಮೇಲೆ ಸ್ವಲ್ಪ ದೂರ, ಅಥವಾ ಸ್ವಲ್ಪ ಕಾಲ, ನೀರಿನಲ್ಲಿ ಉರುಳಿತು; ಒಂದು ಬೇರು ಮುರಿದದ್ದು ತೀರ ಇತ್ತೀಚೆಗೆ, ಪ್ರಾಯಶಃ ಉಸುಕು ಎತ್ತುವ ಯಂತ್ರದ ಬಕೆಟ್ ತಗುಲಿ. ಬಹಳ ದೂರ ಉರುಳಿದ್ದರೆ ಎನಾಮಲ್ ಗೆರೆಗಳ ಎತ್ತರವೇ ಉಳಿಯುತ್ತಿರಲಿಲ್ಲ. ಹಲ್ಲು ಮೂಲತಃ ಹೂತಿದ್ದ ಜಾಗ ಉಸುಕು ಎತ್ತಿದ ಜಾಗಕ್ಕೆ ಹತ್ತಿರದಲ್ಲೇ ಇರಬಹುದೆಂಬ ಆಸೆ ನನಗೆ ಇರುವುದು ಇದರಿಂದಲೇ.

ದನದ ಬಳಗದ್ದೆಂದು ಹೇಳಲು ಆಧಾರವೇನೆಂದರೆ, ಮೊದಲನೆಯದಾಗಿ ಹಲ್ಲಿನ ಮೇಲ್ಭಾಗ ಚೌಕಕ್ಕೆ ಹತ್ತಿರವಿದೆ. ಕೆಳದವಡೆಯ ಹಲ್ಲುಗಳು ಇಷ್ಟು ಅಗಲವಿರದೆ ಸಪೂರವಾಗಿರುತ್ತವೆ. ಎರಡನೆಯದಾಗಿ ಒಳಗೆ ಕೆಸರು ತುಂಬಿ ಕಪ್ಪಗೆ ಕಾಣುವ ಎರಡು ಅರ್ಧಚಂದ್ರಗಳು, ಅವುಗಳ ಬೆನ್ನು ನಾಲಗೆಯ ಬದಿಗೆ ತಿರುಗಿವೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಅದೇ ನಾಲಗೆಯ ಬದಿಯಲ್ಲಿ, ಎರಡು ಹಾಲೆಗಳ ನಡುವಿನ ಸಂದಿಯಲ್ಲಿ, ಗುಂಡುಸೂಜಿಯ ತಲೆಗಿಂತ ಸ್ವಲ್ಪ ದೊಡ್ಡದಾದ ಎನಾಮಲ್ ಕುಣಿಕೆಯೊಂದಿದೆ. ಅದು ಹಲ್ಲಿನ ಬುಡದಿಂದ ಮೇಲಕ್ಕೇಳುವ ಚಿಕ್ಕ ಕಂಬದ ಕೊಯ್ತ. ಎಳೆಯ ಪ್ರಾಣಿಯಲ್ಲಿ ಕಂಬ ಜಗಿಯುವ ಮಟ್ಟಕ್ಕಿಂತ ಕೆಳಗಿದ್ದು ಕಾಣುವುದೇ ಇಲ್ಲ, ನಡುವಯಸ್ಸಿನಲ್ಲಿ ಬಿಡಿ ಉಂಗುರವಾಗಿ ಕಾಣುತ್ತದೆ, ಸವೆತ ಇನ್ನೂ ಇಳಿದಂತೆ ಉಂಗುರ ಹಲ್ಲಿನ ಮುಖ್ಯ ಗೆರೆಗೆ ಕೂಡಿಕೊಂಡು ಕುಣಿಕೆಯಾಗುತ್ತದೆ. ನಿಮಗೆ ಸಿಕ್ಕ ಹಲ್ಲಿನಲ್ಲಿ ಅದು ಒಂದು ಕಡೆ ಕೂಡಿಕೊಂಡಿದೆ. ದನದ ಸವೆಯದ ಮೇಲ್ದವಡೆ ಹಲ್ಲಿನ ಎತ್ತರ ಐದು ಸೆಂಟಿಮೀಟರಿನ ಆಸುಪಾಸು ಇರುತ್ತದೆ, ಇಲ್ಲಿ ಉಳಿದಿರುವುದು 23 ಮಿ.ಮೀ. ಎರಡೂ ಸೇರಿ ಪ್ರಾಣಿಗೆ ವಯಸ್ಸಾಗಿತ್ತೆಂದು ಹೇಳುತ್ತವೆ. ಜಾನುವಾರು ಜಾತ್ರೆಯಲ್ಲಿ ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಎಂದು ನಮ್ಮ ರೈತರು ಲೆಕ್ಕ ಹಿಡಿಯುವುದು ಕೆಳದವಡೆಯ ಮುಂಬಲ್ಲುಗಳಿಂದ. ಅರೆಯುವ ಹಲ್ಲುಗಳಲ್ಲಿ ನಾವು ಓದುವುದು ಅದೇ ಲೆಕ್ಕದ ಮುಂದಿನ ಪುಟಗಳನ್ನು.

ಇದರ ಜೊತೆ ಗೊಂದಲವಾಗಬಹುದಾದ ಪ್ರಾಣಿಗಳಲ್ಲಿ ಕುದುರೆ ಮೊದಲನೆಯದು. ಕುದುರೆಯ ಮೇಲ್ದವಡೆ ಹಲ್ಲೂ ಇದೇ ಅಳತೆಯ ಚೌಕವೇ. ಆದರೆ ಅದರಲ್ಲಿ ಬಿಡಿ ಕಂಬವಿರುವುದಿಲ್ಲ; ನಾಲಗೆಯ ಬದಿಯಲ್ಲಿ ಹೊರಕ್ಕೆ ಚಾಚಿದ ಉದ್ದನೆಯ ಕುಣಿಕೆಯಿರುತ್ತದೆ, ಒಳಗಿನ ಎರಡು ಎನಾಮಲ್ ದ್ವೀಪಗಳ ಅಂಚು ಕುಚ್ಚು ಕುಚ್ಚಾಗಿ ಸುಕ್ಕುಗಟ್ಟಿರುತ್ತದೆ. ನಿಮ್ಮ ಚಿತ್ರದಲ್ಲಿ ಅಂಚುಗಳು ಬಹುಮಟ್ಟಿಗೆ ಸರಳವಾಗಿವೆ. ಒಂಟೆಯ ಹಲ್ಲಿನಲ್ಲಿ ಅರ್ಧಚಂದ್ರಗಳಿದ್ದರೂ ಕಂಬವಿಲ್ಲ. ಕಡವೆಯ ಹಲ್ಲು ಇಷ್ಟು ಎತ್ತರವಾಗಿ ಬೆಳೆಯುವುದಿಲ್ಲ, ಅಳತೆಯಲ್ಲೂ ಚಿಕ್ಕದು. ಆನೆಯ ಹಲ್ಲಾಗಿದ್ದರೆ ಎನಾಮಲ್ ತಗಡುಗಳು ಒಂದರ ಹಿಂದೊಂದು ಸಾಲಾಗಿ ನಿಂತಿರುತ್ತಿದ್ದವು. ಖಡ್ಗಮೃಗದ ಮಾತನ್ನು ನಿಮ್ಮ ಊರಿನ ಕಾರಣದಿಂದ ಮುಂದೆ ಬೇರೆಯಾಗಿಯೇ ಹೇಳಬೇಕು. ಅದರ ಹಲ್ಲು ಇದಕ್ಕಿಂತ ಬಹಳ ದೊಡ್ಡದು, ಎನಾಮಲ್ ದಪ್ಪ, ಹೊರಬದಿಯ ಉದ್ದ ಗೋಡೆಯೊಂದಕ್ಕೆ ಎರಡು ಅಡ್ಡಗೋಡೆಗಳು ಜೋಡಿಸಿದಂಥ ವಿನ್ಯಾಸ.

ಬಳಗದೊಳಗೆ ಯಾವುದೆಂಬಲ್ಲಿ ನಾನು ನಿಲ್ಲುತ್ತೇನೆ. ದನ, ಎಮ್ಮೆ, ಕಾಡುಕೋಣ, ನರ್ಮದಾ ಕಣಿವೆಯ ಹೆಸರನ್ನು ಹೊತ್ತ ಅಳಿದುಹೋದ ಕಾಡುದನ ಬಾಸ್ ನಮಾಡಿಕಸ್, ಇವುಗಳ ಒಂಟಿ ಹಲ್ಲನ್ನು, ಅದೂ ಅರ್ಧಕ್ಕಿಂತ ಹೆಚ್ಚು ಸವೆದದ್ದನ್ನು, ಚಿತ್ರದಿಂದ ಬೇರ್ಪಡಿಸುವುದು ಸರಿಯಾದ ಕೆಲಸವಲ್ಲ. ಯಾರಾದರೂ ಚಿತ್ರ ನೋಡಿದ ಕೂಡಲೆ ಜಾತಿಯ ಹೆಸರನ್ನೇ ಹೇಳಿದರೆ ಯಾವ ಲಕ್ಷಣದ ಮೇಲೆ ಹೇಳಿದಿರಿ ಎಂದು ವಿನಯವಾಗಿ ಕೇಳಿ.

ಈಗ ಕಾಲದ ಪ್ರಶ್ನೆ. ಕಪ್ಪು ಬಣ್ಣ, ಭಾರ, ಗಟ್ಟಿತನ ಇವು ಮೂರೂ ಸೇರಿದರೆ ಪಳೆಯುಳಿಕೆ ಎಂಬ ನಂಬಿಕೆ ಬಹಳ ಹರಡಿದೆ. ಬಣ್ಣ ಬರುವುದು ಮಣ್ಣು ನೀರಿನಲ್ಲಿರುವ ಮ್ಯಾಂಗನೀಸ್, ಕಬ್ಬಿಣದ ಆಕ್ಸೈಡುಗಳಿಂದ. ಕೆಸರಿನಲ್ಲಿ ಹೂತ ಇತ್ತೀಚಿನ ದನದ ಹಲ್ಲು ಕೆಲವೇ ದಶಕಗಳಲ್ಲಿ ಕಪ್ಪಾಗಬಹುದು, ಲಕ್ಷಾಂತರ ವರ್ಷ ಹಳೆಯದು ಕೆನೆಬಣ್ಣದಲ್ಲೇ ಉಳಿದಿರಬಹುದು. ಹಲ್ಲು ಹುಟ್ಟಿನಿಂದಲೇ ಗಟ್ಟಿ, ಭಾರ. ನಾಲಗೆಗೆ ಅಂಟಿಸಿ ನೋಡುವ ಪದ್ಧತಿ ರಂಧ್ರಗಳಿರುವ ಹಳೆಯ ಮೂಳೆಗೆ ಸ್ವಲ್ಪ ಮಟ್ಟಿಗೆ ಹೊಂದುತ್ತದೆ, ಎನಾಮಲ್‌ಗೆ ಅರ್ಥವೇ ಇಲ್ಲ; ಹೊಳೆಯ ಕೆಸರಿನ ವಸ್ತುವನ್ನು ಬಾಯಿಗೆ ಮುಟ್ಟಿಸುವುದು ಆರೋಗ್ಯಕ್ಕೂ ಒಳ್ಳೆಯದಲ್ಲ. ಕಾದ ಸೂಜಿಯನ್ನು ಚುಚ್ಚಿದಾಗ ಕೂದಲು ಸುಟ್ಟ ವಾಸನೆ ಬಂದರೆ ಕೊಲಾಜೆನ್ ಎಂಬ ಪ್ರೋಟೀನು ಉಳಿದಿದೆ ಎಂದಷ್ಟೇ ತಿಳಿಯುತ್ತದೆ. ವಾಸನೆ ಬರದಿದ್ದರೆ ಹಳೆಯದೆಂದಾಗದು, ಏಕೆಂದರೆ ನಮ್ಮ ಬಿಸಿ ಹವೆಯಲ್ಲಿ ಕೊಲಾಜೆನ್ ಬೇಗ ನಾಶವಾಗುತ್ತದೆ. ಅದೂ ಅಲ್ಲದೆ ಸೂಜಿಯ ಕಲೆ ಶಾಶ್ವತವಾಗಿ ಉಳಿಯುತ್ತದೆ. ವಿನೆಗರ್ ಅಥವಾ ನಿಂಬೆರಸ ಹಾಕಿ ನೊರೆ ನೋಡುವುದಂತೂ ಬೇಡವೇ ಬೇಡ, ಆಮ್ಲ ಎನಾಮಲ್ಲನ್ನೇ ತಿನ್ನುತ್ತದೆ.

ಬಣ್ಣದಿಂದ ಸಿಗಬಹುದಾದ ಒಂದು ಸುಳಿವು ಹೊಸ ಮುರಿತದಲ್ಲಿದೆ. ತಿಳಿಯಾಗಿ ಕಾಣುವ ಆ ಬೇರಿನ ಮುಖವನ್ನು ಭೂತಗನ್ನಡಿಯಲ್ಲಿ ನೋಡಿ. ಕಪ್ಪು ಬರೀ ಹೊರಮೈಯ ತೆಳು ಪದರವಾಗಿದ್ದು ಒಳಗಿನ ಡೆಂಟಿನ್ ಹಸಿ ದಂತದಂತೆ ಕೆನೆಬಣ್ಣದಲ್ಲಿದ್ದರೆ ಹಲ್ಲು ಅಷ್ಟು ಹಳೆಯದಿರಲಾರದೆಂಬ ಕಡೆಗೆ ತಕ್ಕಡಿ ವಾಲುತ್ತದೆ. ಬಣ್ಣ ಒಳಗಿನವರೆಗೂ ಇಳಿದು, ಬೇರಿನ ಪೊಳ್ಳಿನಲ್ಲಿ ಸುಣ್ಣದ ಅಂಟಿನಿಂದ ಗಟ್ಟಿಯಾದ ಗರಸು ತುಂಬಿದ್ದರೆ ಹಳಮೆಯ ಸಾಧ್ಯತೆ ಹೆಚ್ಚುತ್ತದೆ. ದಖ್ಖನಿನ ಹೊಳೆಗಳ ಹಳೆಯ ಗರಸಿನ ಹಾಸುಗಳು ಬಹಳ ಕಡೆ ಹೀಗೆ ಸುಣ್ಣದಿಂದ ಬೆಸೆದುಕೊಂಡಿರುತ್ತವೆ. ಇದು ಸುಳಿವು ಮಾತ್ರ, ತೀರ್ಪಲ್ಲ.

ಹೀಗೆ ನಿಮ್ಮ ಮುಂದೆ ಮೂರು ಸಾಧ್ಯತೆಗಳಿವೆ. ಹಿಂದಿನ ಒಂದೆರಡು ತಲೆಮಾರಿನಲ್ಲಿ ಸತ್ತ ಎತ್ತೋ ಎಮ್ಮೆಯೋ ಹೊಳೆದಂಡೆಯಲ್ಲಿ ಹೂತು, ಮಳೆಗಾಲದ ನೆರೆಯಲ್ಲಿ ಕೊಚ್ಚಿ ಬಂದಿರಬಹುದು. ಲೆಕ್ಕ ಹಾಕಿದರೆ ಇದೇ ಹೆಚ್ಚು ಸಂಭವನೀಯ. ಸಾವಿರಾರು ವರ್ಷ ಹಿಂದಿನ ಸಾಕುದನವಾಗಿರಬಹುದು. ಬೂದಿದಿಬ್ಬಗಳ ಕಾಲದಿಂದ ಈ ನಾಡಿನಲ್ಲಿ ದನ ಸಾಕಿದ್ದಾರೆ, ಸುರಪುರ ಸೀಮೆಯ ಬೂದಿಹಾಳದಂಥ ನೆಲೆಗಳಲ್ಲಿ ಅವುಗಳ ಮೂಳೆ ಹೇರಳವಾಗಿ ಸಿಕ್ಕಿವೆ. ಮೂರನೆಯದು, ಹಿಮಯುಗಗಳ ಕಾಲವಾದ ಪ್ಲೈಸ್ಟೊಸೀನ್ ಯುಗದ ಕಾಡುಪ್ರಾಣಿಯಾಗಿರಬಹುದು. ಇದನ್ನು ನಾನು ಬರೀ ಹಾರೈಕೆಯಿಂದ ಹೇಳುತ್ತಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ರಾಬರ್ಟ್ ಬ್ರೂಸ್ ಫೂಟ್, 1863ರಲ್ಲಿ ಮದ್ರಾಸಿನ ಹತ್ತಿರದ ಪಲ್ಲಾವರದಲ್ಲಿ ಹಳೆ ಶಿಲಾಯುಗದ ಆಯುಧವನ್ನು ಗುರುತಿಸಿದವರು, ನಿಮ್ಮ ಗೋಕಾಕದ ಸಮೀಪವೇ, ಹಳೆಯ ವರದಿಗಳು ಚಿಕ್‌ಡೌಲಿ ಎಂದು ಬರೆಯುವ ಹಳ್ಳಿಯಲ್ಲಿ ಖಡ್ಗಮೃಗದ ಅವಶೇಷಗಳನ್ನು ಕಂಡು, 1874ರಲ್ಲಿ ಅದನ್ನು ರೈನೋಸೆರಸ್ ಡೆಕ್ಕನೆನ್ಸಿಸ್ ಎಂಬ ಹೊಸ ಪ್ರಭೇದವೆಂದು ವಿವರಿಸಿದರು. ಇಂದು ಅಸ್ಸಾಮಿನ ಕಡೆ ಹೋಗಿ ನೋಡಬೇಕಾದ ಬಳಗದ ಪ್ರಾಣಿಯೊಂದು ಘಟಪ್ರಭೆಯ ದಂಡೆಯಲ್ಲಿ ಮೇಯುತ್ತಿತ್ತು. ಅದು ಮೇಯುತ್ತಿದ್ದ ನೆಲದಲ್ಲಿ ಕಾಡುದನಗಳೂ ಇದ್ದಿರಬಹುದೆಂದು ಊಹಿಸುವುದು ಅತಿಯಾಗದು.

ಮೂರರಲ್ಲಿ ಯಾವುದೆಂದು ಪ್ರಯೋಗಾಲಯದಲ್ಲಿ ತಿಳಿಯಲಾಗದೇ ಎಂದು ನೀವು ಕೇಳಬಹುದು. ರೇಡಿಯೊಕಾರ್ಬನ್ ಪರೀಕ್ಷೆ ಸುಮಾರು 50,000 ವರ್ಷಗಳವರೆಗೆ ಮಾತ್ರ ನಡೆಯುತ್ತದೆ, ಅದಕ್ಕೆ ಸಾಮಾನ್ಯವಾಗಿ ಕೊಲಾಜೆನ್ ಉಳಿದಿರಬೇಕು, ಹಲ್ಲಿನ ಭಾಗವೊಂದನ್ನು ಕತ್ತರಿಸಬೇಕು. ಅದಕ್ಕೂ ಹಳೆಯದಕ್ಕೆ ಎನಾಮಲ್ ಮೇಲೆ ನಡೆಸುವ ಇಎಸ್ಆರ್ (ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್) ಎಂಬ ವಿಧಾನವಿದೆ. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯನವರ ತಂಡ ಆದಿಮಾನವರ ಕಲ್ಲಿನ ಆಯುಧಗಳ ಜೊತೆಗೆ ಅಗೆದು ತೆಗೆದ, ದನದ ಬಳಗದ್ದೇ ಆದ ಹಲ್ಲುಗಳ ಎನಾಮಲ್ಲಿನಿಂದ ಆ ನೆಲೆಗೆ ಸುಮಾರು 12 ಲಕ್ಷ ವರ್ಷಗಳ ಕಾಲಮಾನ ದೊರೆಯಿತು. ಕರ್ನಾಟಕದ ಪ್ರಾಗಿತಿಹಾಸದಲ್ಲಿ ಇಷ್ಟು ದೊಡ್ಡ ಮಾತನ್ನು ಆಡಿದ್ದು ನಿಮ್ಮ ಕೈಯಲ್ಲಿರುವಂಥದೇ ಸಾಮಾನ್ಯವಾದ, ಮುರುಕು ಹಲ್ಲುಗಳು. ಆದರೆ ಆ ವಿಧಾನ ಅಳೆಯುವುದು ಸುತ್ತಲಿನ ಮಣ್ಣಿನಿಂದ ಹಾಗೂ ಹಲ್ಲು ಹೀರಿಕೊಂಡ ಯುರೇನಿಯಂನಿಂದ ಎನಾಮಲ್ ಮೇಲೆ ಬಿದ್ದ ವಿಕಿರಣದ ಒಟ್ಟು ಪ್ರಮಾಣವನ್ನು. ಮಣ್ಣಿನಿಂದ ವರ್ಷಕ್ಕೆಷ್ಟು ಬಿತ್ತೆಂದು ತಿಳಿಯಲು ಹಲ್ಲು ಹೂತಿದ್ದ ಮಣ್ಣೇ ಬೇಕು. ಇಸಾಂಪುರದಲ್ಲಿ ಮಣ್ಣು ಇತ್ತು. ನಿಮ್ಮ ಅಂಗಳದ ಉಸುಕಿನ ಗುಡ್ಡೆ ಆ ಮಣ್ಣಲ್ಲ. ಆದ್ದರಿಂದ ಮೂಲ ಜಾಗ ಗೊತ್ತಾಗುವವರೆಗೆ ಇಂಥ ಪರೀಕ್ಷೆಗಳಿಗೆ ಹಣ ಸುರಿಯಬೇಡಿ, ಹಲ್ಲನ್ನೂ ಕತ್ತರಿಸಲು ಕೊಡಬೇಡಿ.

ಮಾಡಬೇಕಾದದ್ದು ಉಸುಕಿನ ಹಾದಿ ಹಿಡಿದು ಹಿಂದಕ್ಕೆ ಹೋಗುವುದು. ಟ್ರ್ಯಾಕ್ಟರಿನವರನ್ನು ಆಕ್ಷೇಪಿಸುವ ದನಿಯಲ್ಲಲ್ಲದೆ ಸ್ನೇಹದಿಂದ ಕೇಳಿದರೆ ಯಾವ ಪಾಯಿಂಟಿನ ಉಸುಕೆಂದು ಹೇಳುತ್ತಾರೆ. ಎರಡು ವಿಷಯ ಮುಖ್ಯ: ಯಾವ ಹೊಳೆ ಅಥವಾ ಹಳ್ಳ, ಮತ್ತು ಅದು ಹೊಳೆಯ ಪಾತ್ರದಿಂದ ನೇರವಾಗಿ ಎತ್ತಿದ್ದೋ, ದಂಡೆಯ ಮಣ್ಣನ್ನು ತೊಳೆದು ತೆಗೆದ ಫಿಲ್ಟರ್ ಮರಳೋ. ಪಾತ್ರದ್ದಾದರೆ ಹಲ್ಲು ಮೇಲ್ಗಡೆ ಎಲ್ಲಿಂದಲಾದರೂ ಬಂದಿರಬಹುದು. ಫಿಲ್ಟರ್ ಮರಳಾದರೆ ಅದು ದಂಡೆಯ ಹಳೆಯ ಮಣ್ಣಿನ ಪದರದಲ್ಲೇ ಇದ್ದಿರಬಹುದು, ಅದು ಭೂವಿಜ್ಞಾನಿಗಳು ಹೋಗಿ ನೋಡಬೇಕಾದ ಸಂಗತಿ. ಜಾಗ ತಿಳಿದರೂ ನೀವಾಗಿ ಅಗೆಯಲು ಹೋಗಬೇಡಿ. ಉಸುಕು ತೆಗೆದು ಕೊರೆದ ದಂಡೆಗಳು ಎಚ್ಚರಿಕೆ ಕೊಡದೆ ಕುಸಿಯುತ್ತವೆ, ಜೀವಕ್ಕೇ ಅಪಾಯ. ಪದರ ಕಲಕಿಹೋದರೆ ಹಲ್ಲಿನ ಕಾಲಮಾನದ ದಾರಿಯೂ ಮುಚ್ಚುತ್ತದೆ. ಫೋನಿನಲ್ಲಿ ಸ್ಥಳದ ಗುರುತು, ದಂಡೆಯ ಒಂದೆರಡು ಚಿತ್ರ ಸಾಕು.

ಕಾನೂನಿನ ಬಗ್ಗೆ ನಿಮ್ಮ ಚಿಂತೆ ಸಹಜ. ಪಳೆಯುಳಿಕೆಗಳೂ ಸೇರುವಂತೆ ಕೇಂದ್ರ ಗಣಿ ಸಚಿವಾಲಯ 2022ರ ಕೊನೆಯಲ್ಲಿ ಭೂಪರಂಪರೆಯ ಕರಡು ಮಸೂದೆಯೊಂದನ್ನು ಪ್ರಕಟಿಸಿತ್ತು. 1972ರ ಪ್ರಾಚ್ಯವಸ್ತು ಕಾಯ್ದೆಯ ಮುಖ್ಯ ಗಮನ ಇರುವುದು ಮನುಷ್ಯ ನಿರ್ಮಿತ ವಸ್ತುಗಳ ಮೇಲೆ. ಉಸುಕಿನಲ್ಲಿ ಅಕಸ್ಮಾತ್ತಾಗಿ ಸಿಕ್ಕ ದನದ ಬಳಗದ ಹಲ್ಲೊಂದು ಮನೆಯಲ್ಲಿದ್ದರೆ ಹೆದರುವಂಥದ್ದೇನಿಲ್ಲ ಎಂಬುದು ನನ್ನ ತಿಳಿವಳಿಕೆ. ಎಚ್ಚರ ಬೇಕಾದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವಿಷಯದಲ್ಲಿ. ಹುಲಿಯುಗುರಿನ ಪದಕ ಧರಿಸಿದ್ದಕ್ಕೆ 2023ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದಲ್ಲಿ ನಡೆದ ಬಂಧನ ನಿಮಗೆ ನೆನಪಿರಬಹುದು. ಕಾಡುಕೋಣ ಆ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ, ಘಟಪ್ರಭೆ ಹುಟ್ಟುವ ಪಶ್ಚಿಮಘಟ್ಟದಲ್ಲಿ ಅದು ಇಂದಿಗೂ ಇದೆ. ಹಲ್ಲು ಇತ್ತೀಚಿನ ಕಾಡುಕೋಣದ್ದಾಗಿರುವ ಸಾಧ್ಯತೆ ಸಣ್ಣದಾದರೂ ಇಲ್ಲವೆನ್ನಲಾಗದು. ಅದಕ್ಕೇ ಸಂಸ್ಥೆಯೊಂದರಿಂದ ಬರವಣಿಗೆಯಲ್ಲಿ ಗುರುತಿನ ಟಿಪ್ಪಣಿ ಪಡೆಯುವವರೆಗೆ ಅದನ್ನು ಮಾರಬೇಡಿ, ಲಾಕೆಟ್ ಮಾಡಿಸಬೇಡಿ, ಅಂಚೆಯಲ್ಲಿ ವಿದೇಶಕ್ಕಂತೂ ಕಳಿಸಬೇಡಿ. ಕೊಳ್ಳಲು ಬಂದವರು ಹೇಳುವ ಬೆಲೆ ಎಷ್ಟೇ ಇರಲಿ, ಜಾಗದ ದಾಖಲೆಯಿಲ್ಲದ ಒಂಟಿ ದನದ ಹಲ್ಲಿಗೆ ಸಂಗ್ರಹಕಾರರಲ್ಲಿ ಹೇಳಿಕೊಳ್ಳುವ ಬೆಲೆಯಿಲ್ಲ. ಮಾರಿದ ದಿನವೇ ಅದರ ಜಾಡು ಮಾತ್ರ ತಪ್ಪಿಹೋಗುತ್ತದೆ.

ತೋರಿಸಲು ನಿಮಗೆ ಹತ್ತಿರದ ಜಾಗ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗ, ಅಥವಾ ಅಲ್ಲಿಯದೇ ಪುರಾತತ್ವ ವಿಭಾಗ. ಪುಣೆಯ ಡೆಕ್ಕನ್ ಕಾಲೇಜು ಪ್ರಾಣಿಗಳ ಮೂಳೆ, ಹಲ್ಲುಗಳ ಅಧ್ಯಯನಕ್ಕೆ ಹೆಸರಾದದ್ದು, ಹೋಲಿಸಿ ನೋಡುವ ಸಂಗ್ರಹವೂ ಅಲ್ಲಿದೆ. ದನವೋ ಎಮ್ಮೆಯೋ ಎಂಬ ಪ್ರಶ್ನೆಗೆ ಉತ್ತರ ಸಿಗುವುದಾದರೆ ಅಂಥ ಕಡೆಯೇ. ಬೆಂಗಳೂರಿನಲ್ಲಿರುವ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಕಚೇರಿಗೂ ಬರೆಯಬಹುದು. ಇವುಗಳಿಗೆ ಮೊದಲು ನಿಮ್ಮ ಊರಿನ ಪಶುವೈದ್ಯರಿಗೊಮ್ಮೆ ತೋರಿಸಿ. ಇಂದಿನ ಎತ್ತಿನ ಬಾಯಿಯನ್ನು ದಿನಾಲೂ ನೋಡುವ ಅವರ ಅಭಿಪ್ರಾಯಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ. ಕೊಡುವುದಿದ್ದರೆ ರಸೀದಿ ಪಡೆದು ಕೊಡಿ, ಹಲ್ಲಿನ ಜೊತೆ ಜಾಗ, ದಿನಾಂಕ, ಸಿಕ್ಕವರ ವಿವರ ಬರೆದ ಚೀಟಿಯಿರಲಿ.

ಅಲ್ಲಿಯವರೆಗೆ ಹಲ್ಲನ್ನು ಬರೀ ನೀರಿನಲ್ಲಿ, ಮೆದುವಾದ ಬ್ರಷ್ಷಿನಿಂದ ಹಗುರಾಗಿ ತೊಳೆದು ನೆರಳಿನಲ್ಲಿ ಆರಿಸಿ; ಬಿಸಿಲಿನಲ್ಲಿ ಒಣಗಿಸಿದರೆ ಎನಾಮಲ್ ಸೀಳಬಹುದು. ವಾರ್ನಿಶ್, ಎಣ್ಣೆ, ಫೆವಿಕಾಲ್ ಯಾವುದನ್ನೂ ಹಚ್ಚಬೇಡಿ. ಅರ್ಧಚಂದ್ರಗಳೊಳಗಿನ ಕೆಸರನ್ನು ಸೂಜಿಯಿಂದ ಕೆದಕದೆ ಹಾಗೇ ಬಿಡಿ. ಈಗ ನಿಮ್ಮ ಬಳಿ ಉಳಿದಿರುವ ಮೂಲ ಮಣ್ಣೆಂದರೆ ಅದೊಂದೇ, ಅದನ್ನು ದಂಡೆಯ ಮಣ್ಣಿನೊಂದಿಗೆ ಹೋಲಿಸಿ ನೋಡಲು ಬರುತ್ತದೆ. ತಾಯಿಯವರಿಗೆ ಇದು ಹುಲ್ಲು ಮೇಯ್ದು ಬದುಕಿ ವಯಸ್ಸಾಗಿ ಸತ್ತ ಪ್ರಾಣಿಯದೆಂದು ತಿಳಿಸಿ. ಅಷ್ಟಾದ ಮೇಲೂ ಮನೆಯೊಳಗೆ ಬೇಡವೆಂದರೆ ಅವರ ಮನಸ್ಸು ನೋಯಿಸುವುದು ಬೇಡ, ಶಾಲೆಯ ಕಪಾಟಿನಲ್ಲೋ ಗ್ರಂಥಾಲಯದಲ್ಲೋ ಚೀಟಿ ಸಮೇತ ಇಡಿಸಿ. ಹೊಳೆಗೆ ಮಾತ್ರ ಬಿಡಬೇಡಿ.

ಕೊನೆಯದಾಗಿ, ಇದನ್ನು ಓದಿದ ದಿನವೇ ಮಾಡಬೇಕಾದ ಒಂದು ಕೆಲಸವಿದೆ. ಗೌಂಡಿಯವರು ಉಳಿದ ಉಸುಕನ್ನು ಗಾರೆಗೆ ಕಲಸುವ ಮೊದಲು ಜರಡಿಯ ಮೇಲೆ ನಿಂತ ಕಲ್ಲುಗಳ ಗುಡ್ಡೆಯನ್ನು ನೀವೇ ಒಮ್ಮೆ ಕೈಯಾಡಿಸಿ ನೋಡಿ. ಹುಡುಕಬೇಕಾದದ್ದು ಹಲ್ಲುಗಳನ್ನಷ್ಟೇ ಅಲ್ಲ: ಒಳಗೆ ಜೇನುಗೂಡಿನಂಥ ರಂಧ್ರಗಳಿರುವ ಮೂಳೆ ಚೂರು, ಸುಣ್ಣ ಹತ್ತಿದ ಗರಸಿನ ಗಡ್ಡೆ, ಅಂಚು ಚಕ್ಕೆ ಎಬ್ಬಿಸಿದಂತಿರುವ ಗಟ್ಟಿ ಮರಳುಗಲ್ಲು, ಮಡಕೆಯ ಚೂರು. ಮಡಕೆಯ ಚೂರುಗಳು ಸಿಕ್ಕರೆ ನಮ್ಮ ಎರಡನೆಯ ಸಾಧ್ಯತೆಯಾದ ಹಳೆಯ ಸಾಕುದನಕ್ಕೆ ಬಲ ಬರುತ್ತದೆ; ಚಕ್ಕೆ ಎಬ್ಬಿಸಿದ ಕಲ್ಲು ಆದಿಮಾನವರ ಆಯುಧವಿರಬಹುದಾದ್ದರಿಂದ, ಅದು ಸಿಕ್ಕರೆ ಮೂರನೆಯದಾದ ಕಾಡುಪ್ರಾಣಿಗೆ. ಸಿಕ್ಕಿದ್ದನ್ನೆಲ್ಲ ತೊಳೆಯದೆ, ಬೇರೆ ಬೇರೆ ಕಾಗದದ ಪೊಟ್ಟಣಗಳಲ್ಲಿ ಕಟ್ಟಿ, ಹಲ್ಲಿನ ಜೊತೆಗೇ ಧಾರವಾಡಕ್ಕೆ ಒಯ್ಯಿರಿ.